ಅಗ್ಗದ ಬುಲೆಟ್ಟಿನ ಅಸಲಿ ಲೆಕ್ಕ

ಮೊಬೈಲ್‌ನಲ್ಲಿ ಒಂದು ರೀಲ್. ದಿಲ್ಲಿಯ ಯಾವುದೋ ಗಲ್ಲಿಯಲ್ಲಿ ಸಾಲಾಗಿ ನಿಲ್ಲಿಸಿದ ಬುಲೆಟ್‌ಗಳು. ಒಬ್ಬ ಹುಡುಗ ಒಂದೊಂದರ ಟ್ಯಾಂಕ್ ಮೇಲೂ ಕೈಯಿಟ್ಟು ಬೆಲೆ ಕೂಗುತ್ತಾ ಹೋಗುತ್ತಾನೆ. ಇದು 65 ಸಾವಿರ, ಅದು 78 ಸಾವಿರ, ಎನ್‌ಒಸಿ ಸಮೇತ, ದೇಶದ ಯಾವ ಮೂಲೆಗಾದರೂ ಕಳಿಸುತ್ತೇವೆ! ರಾಣೆಬೆನ್ನೂರಿನಿಂದ ದಾವಣಗೆರೆಗೆ ದಿನವೂ ಬಸ್ಸಿನಲ್ಲಿ ನಿಂತುಕೊಂಡೇ ಕೆಲಸಕ್ಕೆ ಹೋಗುತ್ತಿದ್ದ ನಾನು ಆ ರೀಲನ್ನು ಎಷ್ಟು ಸಲ ನೋಡಿದೆನೋ ಲೆಕ್ಕವಿಲ್ಲ.

ಹಾಗಂತ ನನಗೆ ಬೈಕ್ ಬೇಕಾಗಿದ್ದು ಕೆಲಸಕ್ಕೆ ಹೋಗಲು ಅಲ್ಲ. ಅದಕ್ಕೆ ಬಸ್ ಪಾಸ್ ಇತ್ತು. ಬೇಕಾಗಿದ್ದು ತಿರುಗಾಟಕ್ಕೆ. ಕಾಲೇಜಿನ ಮೂರೂ ವರ್ಷ ಗೆಳೆಯರ ಬೈಕ್‌ಗಳ ಹಿಂದಿನ ಸೀಟಿನಲ್ಲಿ ಕೂತು ಜೋಗ ನೋಡಿದ್ದೆ, ಮುಳ್ಳಯ್ಯನಗಿರಿ ಹತ್ತಿದ್ದೆ. ‘ಕೆಲಸ ಸಿಕ್ಕಿದ ಮೇಲೆ ನಂದೇ ಬುಲೆಟ್’ ಎಂದು ಆಗಲೇ ಎಲ್ಲರ ಮುಂದೆ ಹೇಳಿಕೊಂಡಿದ್ದೆ. ಕೆಲಸ ಸಿಕ್ಕಿತು. ತಿಂಗಳಿಗೆ 18 ಸಾವಿರ ಸಂಬಳ. ಊಟ ಮನೆಯದೇ ಆದ್ದರಿಂದ ಉಳಿಸುತ್ತಾ ಹೋದೆ. 2024ರ ಹೊತ್ತಿಗೆ ಬ್ಯಾಂಕಿನಲ್ಲಿ 80 ಸಾವಿರ ಆಗಿತ್ತು.

ನಮ್ಮೂರಿನ ಹಲಗೇರಿ ರಸ್ತೆಯಲ್ಲಿ ಬಸಣ್ಣನ ಗ್ಯಾರೇಜಿದೆ. ಅವರ ಹತ್ತಿರ ಒಂದು ಬುಲೆಟ್ ಮಾರಾಟಕ್ಕಿತ್ತು. ಕ್ಲಾಸಿಕ್ 350, 2017ರ ಮಾಡೆಲ್. ಕಾಲೇಜು ಉಪನ್ಯಾಸಕರೊಬ್ಬರ ಗಾಡಿ. ‘ಇದಕ್ಕ ಮೊದಲಿಂದಾನೂ ನಾನ ಸರ್ವಿಸ್ ಮಾಡೀನಿ ತಮ್ಮಾ, ಕಣ್ಣು ಮುಚ್ಚಿ ತಗೋ’ ಎಂದಿದ್ದರು. ಬೆಲೆ 1 ಲಕ್ಷ 15 ಸಾವಿರ. ಒಂದು ರೂಪಾಯಿ ಕಡಿಮೆ ಇಲ್ಲ.

ನನ್ನ ಹತ್ತಿರ 35 ಸಾವಿರ ಕಡಿಮೆ ಬೀಳುತ್ತಿತ್ತು. ಅವ್ವನ ಕೈಯಲ್ಲಿ ಚೀಟಿ ಎತ್ತಿದ 40 ಸಾವಿರ ಇತ್ತು. ಆದರೆ ಅದು ತಂಗಿಯ ಬಿ.ಇಡಿ. ಫೀಸಿಗೆಂದು ತೆಗೆದಿಟ್ಟ ಹಣ. ಕೇಳಿದರೆ ಅವ್ವ ಇಲ್ಲ ಅನ್ನುತ್ತಿರಲಿಲ್ಲ. ಹಾಗಾಗಿಯೇ ಕೇಳಲು ಮನಸ್ಸಾಗಲಿಲ್ಲ.

ಆಗ ಕಣ್ಣಿಗೆ ಬಿದ್ದಿದ್ದು ಆ ರೀಲ್. ಅದೇ ಕ್ಲಾಸಿಕ್ 350, ಅದೇ 2017ರ ಮಾಡೆಲ್, ಮೀಟರಿನಲ್ಲಿ ಬರೀ 23 ಸಾವಿರ ಕಿ.ಮೀ. ಬೆಲೆ 78 ಸಾವಿರ. ಅವ್ವನ ದುಡ್ಡು ಮುಟ್ಟುವುದೇ ಬೇಡ!

ದಿಲ್ಲಿಯಲ್ಲಿ ಯಾಕೆ ಅಗ್ಗ?

ದಿಲ್ಲಿಯಲ್ಲಿ ಹಳೆ ವಾಹನಗಳು ಅಗ್ಗ ಎನ್ನುವುದು ಸುಳ್ಳಲ್ಲ. ವಾಯುಮಾಲಿನ್ಯದ ಕಾರಣಕ್ಕೆ ದಿಲ್ಲಿ ಮತ್ತು ಸುತ್ತಲಿನ ಪ್ರದೇಶದಲ್ಲಿ 10 ವರ್ಷ ದಾಟಿದ ಡೀಸೆಲ್ ವಾಹನ, 15 ವರ್ಷ ದಾಟಿದ ಪೆಟ್ರೋಲ್ ವಾಹನಗಳು ಓಡಾಡಬಾರದು ಎಂದು 2015ರಲ್ಲಿ ಹಸಿರು ನ್ಯಾಯಮಂಡಳಿ ಹೇಳಿತು. 2018ರಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನು ಎತ್ತಿಹಿಡಿಯಿತು. ಆಯುಸ್ಸು ಗೊತ್ತಾಗಿಬಿಟ್ಟ ಗಾಡಿಯ ಬೆಲೆ ಬೇಗ ಇಳಿಯುತ್ತದೆ. ಜೊತೆಗೆ ಅಲ್ಲಿ ಹೊಸ ಗಾಡಿಗೆ ಕಟ್ಟುವ ರಸ್ತೆ ತೆರಿಗೆ ನಮ್ಮ ರಾಜ್ಯಕ್ಕಿಂತ ಬಹಳ ಕಡಿಮೆ. ಕರ್ನಾಟಕದ ಆಜೀವ ತೆರಿಗೆ ದೇಶದಲ್ಲೇ ಹೆಚ್ಚು ಎನ್ನಿಸಿಕೊಂಡಿರುವ ತೆರಿಗೆಗಳಲ್ಲೊಂದು.

ಇಷ್ಟನ್ನು ನಾನು ಓದಿಕೊಂಡಿದ್ದೆ. ಆದರೆ ಅದರ ಅರ್ಥ ನನ್ನ ತಲೆಗೆ ಹೋಗಿರಲಿಲ್ಲ. ಬಸಣ್ಣ ಹೇಳಿದ 1 ಲಕ್ಷ 15 ಸಾವಿರದೊಳಗೆ ನಮ್ಮ ಸರ್ಕಾರಕ್ಕೆ ಆಗಲೇ ಕಟ್ಟಿಯಾಗಿದ್ದ ತೆರಿಗೆ ಸೇರಿತ್ತು. ದಿಲ್ಲಿಯ 78 ಸಾವಿರದಲ್ಲಿ ಅದು ಸೇರಿರಲಿಲ್ಲ. ಅಲ್ಲಿ ಅಗ್ಗವಾಗಿ ಕಂಡದ್ದರಲ್ಲಿ ಒಂದು ಪಾಲು ಅಗ್ಗವೇ ಅಲ್ಲ, ನಾನು ಮುಂದೆ ಕಟ್ಟಬೇಕಾದ ಬಾಕಿ.

‘ಗಾಡಿ ಮ್ಯಾಲೆ ಕುಂತು ನೋಡದ ರೊಕ್ಕ ಕೊಡಬ್ಯಾಡ. ರಜಾ ಹಾಕಿ ಒಮ್ಮೆ ಹೋಗಿ ನೋಡಿ ಬಾ’ ಎಂದರು ಬಸಣ್ಣ. ತಮ್ಮಲ್ಲಿದ್ದ ಗಾಡಿ ಬಿಟ್ಟು ಬೇರೆ ಕಡೆ ಹೋಗುತ್ತಿದ್ದಾನೆಂಬ ಸಿಟ್ಟು ಅವರ ಮಾತಿನಲ್ಲಿರಲಿಲ್ಲ. ಅವ್ವ ಕೇಳಿದ್ದು ಇನ್ನೊಂದು ಪ್ರಶ್ನೆ: ‘ಅಷ್ಟು ದೂರದಾಂವಂಗ ನಾಳೆ ಏನಾರ ಕೇಳಬೇಕಂದ್ರ ಎಲ್ಲಿ ಹೋಗಿ ಕೇಳ್ತಿ?’

ನಾನು ನಕ್ಕೆ. ‘ಈಗೆಲ್ಲ ಫೋನಿನಾಗ ಆಗ್ತೈತಿ ಅವ್ವಾ’ ಎಂದೆ. ಹೊಸ ಕೆಲಸ, ಪ್ರೊಬೇಷನ್ ಇನ್ನೂ ಮುಗಿದಿರಲಿಲ್ಲ. ದಿಲ್ಲಿಗೆ ಹೋಗಿ ಬರಲು ವಾರದ ರಜೆ ಎಲ್ಲಿಂದ ತರಲಿ? ವಿಡಿಯೊ ಕಾಲ್‌ನಲ್ಲಿ ಗಾಡಿ ನೋಡಿದೆ. ಸ್ಟಾರ್ಟ್ ಮಾಡಿ ತೋರಿಸಿದರು. ಸದ್ದು ಕೇಳಿ ಮೈ ಜುಂ ಎಂದಿತು. ಅರ್ಧಂಬರ್ಧ ಹಿಂದಿಯಲ್ಲಿ ಚೌಕಾಶಿ ಮಾಡಿದೆ. ಎರಡು ಕಂತಿನಲ್ಲಿ ಯುಪಿಐ ಮೂಲಕ ದುಡ್ಡು ಕಳಿಸಿದೆ. ಅದು ಅಂಗಡಿಯ ಖಾತೆಗಲ್ಲ, ಯಾರೋ ಒಬ್ಬರ ಸ್ವಂತ ಖಾತೆಗೆ. ಬಿಲ್ ಕೇಳಿದ್ದಕ್ಕೆ ಒಂದು ಚೀಟಿಯ ಫೋಟೊ ವಾಟ್ಸ್‌ಆ್ಯಪ್‌ಗೆ ಬಂತು. ಅದರಲ್ಲಿ ಗಾಡಿ ನಂಬರ್ ಇತ್ತು, ಮೊತ್ತ ಇತ್ತು. ಅಂಗಡಿಯ ಹೆಸರೂ ಇರಲಿಲ್ಲ, ಸಹಿಯೂ ಇರಲಿಲ್ಲ.

ಚುಂಬಕ ಹಿಡಿದ ಬಸಣ್ಣ

ಮೂರು ವಾರದ ಮೇಲೆ ಲಾರಿಯಲ್ಲಿ ಬುಲೆಟ್ ಬಂತು. ಪ್ಯಾಕಿಂಗ್ ಸೇರಿ ಸಾಗಣೆಗೆ ಒಂಬತ್ತೂವರೆ ಸಾವಿರ. ಎನ್‌ಒಸಿಗೆಂದು ಏಜೆಂಟ್ ಮತ್ತೆ ನಾಲ್ಕು ಸಾವಿರ ತೆಗೆದುಕೊಂಡಿದ್ದ. ‘ಸಮೇತ’ ಅನ್ನುವುದು ರೀಲ್‌ನಲ್ಲಿ ಮಾತ್ರ ಇತ್ತು. ಇರಲಿ ಬಿಡಿ. ಸುತ್ತಿದ್ದ ಗೋಣಿ, ರಟ್ಟು ಬಿಚ್ಚಿದಾಗ ಹೊಳೆಯುವ ಕಪ್ಪು ಗಾಡಿ. ಓಣಿಯ ಹುಡುಗರೆಲ್ಲ ಸುತ್ತ ನೆರೆದರು. ಆ ಸಂಜೆಯ ಖುಷಿ ಮಾತ್ರ ಅಸಲಿ.

ಎರಡು ದಿನ ಓಡಿಸಿದೆ. ಅರವತ್ತು ದಾಟಿದರೆ ಹ್ಯಾಂಡಲ್ ನಡುಗುತ್ತಿತ್ತು. ಬಸಣ್ಣನ ಬಳಿ ಹೋಗಲು ನಾಚಿಕೆ. ಅವರ ಗಾಡಿ ಬೇಡವೆಂದು ಬಂದವನು ಯಾವ ಮುಖ ಹೊತ್ತು ಹೋಗಲಿ? ಬೇರೆ ಗ್ಯಾರೇಜಿಗೆ ಹೋದೆ, ಟೈರಿಗೆ ಗಾಳಿ ಸರಿ ಮಾಡಿ ಕಳಿಸಿದರು. ನಡುಕ ನಿಲ್ಲಲಿಲ್ಲ. ಕೊನೆಗೆ ಹಲಗೇರಿ ರಸ್ತೆಗೇ ಹೋದೆ.

ಬಸಣ್ಣ ಏನೂ ಅನ್ನಲಿಲ್ಲ. ಮೊದಲು ಎಂಜಿನ್ ಆರುವ ತನಕ ಗಾಡಿ ನಿಲ್ಲಿಸಿ ಚಹಾ ಕುಡಿಸಿದರು. ಬಿಸಿಯಾದ ಎಂಜಿನ್ ಸಲೀಸಾಗಿ ಸ್ಟಾರ್ಟ್ ಆಗುತ್ತದೆ, ದೋಷವಿದ್ದರೆ ತಿಳಿಯುವುದು ತಣ್ಣಗಿದ್ದಾಗ ಎಂಬ ಪಾಠ ಅಂದು ಗೊತ್ತಾಯಿತು. ಆಮೇಲೆ ಒಂದು ಸಣ್ಣ ಚುಂಬಕ ತಂದು ಟ್ಯಾಂಕಿನ ಮೇಲೆ ಅಲ್ಲಲ್ಲಿ ಇಟ್ಟರು. ಎಡಗಡೆ ಒಂದು ಜಾಗದಲ್ಲಿ ಅದು ಅಂಟಲೇ ಇಲ್ಲ, ಜಾರಿ ಬಿತ್ತು. ‘ಇಲ್ಲಿ ಪುಟ್ಟಿ ಮೆತ್ಯಾರ’ ಎಂದರು. ಮೀಟರಿನಲ್ಲಿ 23 ಸಾವಿರ ಇದ್ದರೂ ಫುಟ್‌ರೆಸ್ಟಿನ ರಬ್ಬರು, ಬ್ರೇಕ್ ಪೆಡಲ್ ಸವೆದು ನುಣ್ಣಗಾಗಿದ್ದವು. ಮುಂದಿನ ಚಕ್ರ ಬಿಚ್ಚಿ ನೋಡಿದರೆ ಫೋರ್ಕಿನ ಎರಡೂ ಪೈಪುಗಳು ಬಾಗಿದ್ದವು.

‘ಎಲ್ಲೋ ಜೋರಾಗಿ ಗುದ್ದೈತಿ ತಮ್ಮಾ. ನಿನ್ನ ಪುಣ್ಯಕ್ಕ ಚಾಸಿ ಉಳಿದೈತಿ.’

ರಿಪೇರಿಗೆ 11,200 ರೂಪಾಯಿ. ದಿಲ್ಲಿಗೆ ಫೋನ್ ಮಾಡಿದೆ. ಮೊದಲ ಸಲ ‘ಲಾರಿಯಲ್ಲಿ ಆಗಿರಬೇಕು ಭಾಯ್’ ಎಂದರು. ಎರಡನೇ ಸಲ ‘ನೋಡಿ ಹೇಳ್ತೀವಿ’ ಎಂದರು. ಮೂರನೇ ಸಲ ಎತ್ತಲಿಲ್ಲ. ಅವತ್ತು ನನಗೊಂದು ವಿಷಯ ಮನವರಿಕೆಯಾಯಿತು: ಅರ್ಧ ಗೊತ್ತಿರುವ ಭಾಷೆಯಲ್ಲಿ ಚೌಕಾಶಿ ಮಾಡಬಹುದು, ಜಗಳ ಮಾಡಲಾಗದು.

ಬೆಂಗಳೂರು ಅಂದರೆ ಕರ್ನಾಟಕವೇ?

ನಿಜವಾದ ಪೆಟ್ಟು ಬಿದ್ದದ್ದು ಆರ್‌ಟಿಒ ಕಚೇರಿಯಲ್ಲಿ. ಬೇರೆ ರಾಜ್ಯದ ವಾಹನ ನಮ್ಮಲ್ಲಿ 12 ತಿಂಗಳಿಗಿಂತ ಹೆಚ್ಚು ಇರುವುದಾದರೆ ಇಲ್ಲಿಯ ನಂಬರ್ ಪಡೆಯಲೇಬೇಕು ಎನ್ನುತ್ತದೆ 1988ರ ಮೋಟಾರು ವಾಹನ ಕಾಯ್ದೆ. ಅದಕ್ಕೆ ಮೂಲ ಆರ್‌ಟಿಒದಿಂದ ಎನ್‌ಒಸಿ, ಅಂದರೆ ನಮೂನೆ 28 ಬೇಕು. ಅದು ‘ಕರ್ನಾಟಕ’ದ ಹೆಸರಿಗೆ ಸಿಗುವುದಿಲ್ಲ, ಒಂದು ನಿರ್ದಿಷ್ಟ ಕಚೇರಿಯ ಹೆಸರಿಗೆ ಸಿಗುತ್ತದೆ. ನಾನು ರಾಣೆಬೆನ್ನೂರು ಎಂದು ಬರೆದು ಕಳಿಸಿದ್ದೆ. ಏಜೆಂಟ್ ಬೆಂಗಳೂರಿನ ಒಂದು ಕಚೇರಿಯ ಹೆಸರು ಹಾಕಿಸಿದ್ದ. ಅವನ ಮಟ್ಟಿಗೆ ಕರ್ನಾಟಕ ಅಂದರೆ ಬೆಂಗಳೂರು!

ಬೆಂಗಳೂರಿನಲ್ಲಿ ನೋಂದಾಯಿಸಲು ಅಲ್ಲಿನ ವಿಳಾಸದ ದಾಖಲೆ ನನ್ನಲ್ಲಿರಲಿಲ್ಲ. ಆ ಎನ್‌ಒಸಿ ರದ್ದುಮಾಡಿಸಿ ಹೊಸದು ಪಡೆಯಬೇಕು. ಗಾಡಿ ಇನ್ನೂ ಮೊದಲ ಮಾಲೀಕರ ಹೆಸರಿನಲ್ಲೇ ಇದ್ದದ್ದರಿಂದ ಅದಕ್ಕೆ ಅವರ ಸಹಿ ಬೇಕು. ಡೀಲರ್ ಫೋನ್ ಎತ್ತುತ್ತಿಲ್ಲ. ಮಾಲೀಕರ ನಂಬರ್ ನನ್ನಲ್ಲಿಲ್ಲ. ಇದ್ದದ್ದು ಆರ್‌ಸಿಯಲ್ಲಿದ್ದ ವಿಳಾಸವೊಂದೇ.

ಗಾಡಿ ನೋಡಲು ಸಿಗದ ರಜೆಯನ್ನು ಈಗ ಹಾಕಲೇಬೇಕಾಯಿತು. ಆರು ದಿನ, ಸಂಬಳವಿಲ್ಲದ ರಜೆ. ಹುಬ್ಬಳ್ಳಿಯಿಂದ ನಿಜಾಮುದ್ದೀನ್‌ಗೆ ಸ್ಲೀಪರ್ ಕೋಚ್. ಮೇಲಿನ ಬರ್ತಿನಲ್ಲಿ ಮಲಗಿ ಒಂದೇ ಯೋಚನೆ ಮಾಡುತ್ತಿದ್ದೆ: ಆ ಮನೆಯವರು ಬಾಗಿಲು ತೆರೆಯದಿದ್ದರೆ?

ತೆರೆದರು. ನಿವೃತ್ತ ಶಿಕ್ಷಕರು. ನಾನು ಗಾಡಿಯ ನಂಬರ್ ಹೇಳಿದ ಕೂಡಲೇ ಗಾಬರಿಯಾದರು. ಗಾಡಿ ಮಾರಿ ಆರು ತಿಂಗಳಾಗಿದ್ದರೂ ಅದರ ಹೆಸರಿನಲ್ಲಿ ಎರಡು ಟ್ರಾಫಿಕ್ ದಂಡದ ಚಲನ್‌ಗಳು ಅವರ ಮೊಬೈಲ್‌ಗೆ ಬಂದಿದ್ದವಂತೆ. ಯಾರ ಕೈಯಲ್ಲಿ ಗಾಡಿ ಇದೆ, ಯಾರಿಗೆ ಡಿಕ್ಕಿ ಹೊಡೆದು ನಾಳೆ ಪೊಲೀಸರು ತಮ್ಮ ಮನೆಗೆ ಬರುತ್ತಾರೋ ಎಂಬ ಚಿಂತೆ ಅವರಿಗೆ. ಸರಿಯಾಗಿ ಹಿಂದಿ ಬಾರದ ನನ್ನನ್ನು ಕೂರಿಸಿ ಚಹಾ ಕೊಟ್ಟರು. ಮಾತಿನ ನಡುವೆ ಅವರೇ ಹೇಳಿದರು: ಮಗ ಒಮ್ಮೆ ಡಿವೈಡರಿಗೆ ಹೊಡೆದಿದ್ದ, ಮುಂದಿನ ಭಾಗ ಪೂರ್ತಿ ಸರಿಯಾಗಿಲ್ಲ ಎಂದು ಡೀಲರಿಗೆ ಹೇಳಿಯೇ ಕೊಟ್ಟಿದ್ದೆ, ಅದಕ್ಕೇ ಕಡಿಮೆ ಬೆಲೆಗೆ ಹೋಯಿತು.

ಅವರು ಮುಚ್ಚಿಟ್ಟಿರಲಿಲ್ಲ. ನಾನೂ ಕೇಳಿದ್ದರೆ ಕೇಳಿಸಿಕೊಳ್ಳುತ್ತಿದ್ದೆ. ಆದರೆ ಅವರ ಸತ್ಯ ನನ್ನ ತನಕ ಬರಲು ಸುಮಾರು ಎರಡು ಸಾವಿರ ಕಿಲೊಮೀಟರ್ ದಾಟಬೇಕಿತ್ತು. ನಡುವೆ ಒಬ್ಬ ಅದನ್ನು ಪುಟ್ಟಿ ಹಾಕಿ ಮುಚ್ಚಿದ್ದ. ಬಸಣ್ಣನ ಗಾಡಿಯ ವಿಷಯದಲ್ಲಾದರೆ ಆ ಉಪನ್ಯಾಸಕರ ಮನೆ ನಮ್ಮ ಓಣಿಯಿಂದ ಹತ್ತು ನಿಮಿಷದ ದಾರಿ.

ಮೇಷ್ಟ್ರು ಮರುದಿನ ನನ್ನ ಜೊತೆಗೆ ಬಂದರು, ಸಹಿ ಮಾಡಿದರು, ಅವರ ಮೊಬೈಲ್‌ಗೆ ಬಂದ ಒಟಿಪಿ ಹೇಳಿದರು. ಎರಡು ವಾರದ ಮೇಲೆ ಹೊಸ ಎನ್‌ಒಸಿ ಬಂತು. ರಾಣೆಬೆನ್ನೂರು ಕಚೇರಿಯಲ್ಲಿ ಗಾಡಿ ತೋರಿಸಿ, ಚಾಸಿ ನಂಬರಿನ ಪೆನ್ಸಿಲ್ ಅಚ್ಚು ಕೊಟ್ಟು, ತೆರಿಗೆ ಕಟ್ಟಿ ಕೆಎ 68ರ ನಂಬರ್ ಪಡೆದೆ.

ಈಗ ಕೂಡಿಸೋಣ

ಗಾಡಿಗೆ 78,000. ಸಾಗಣೆ 9,500. ಎನ್‌ಒಸಿ ಏಜೆಂಟ್‌ಗೆ 4,000. ಇಲ್ಲಿ ಕಟ್ಟಿದ ಆಜೀವ ತೆರಿಗೆ 17,600. ನೋಂದಣಿ ಮತ್ತಿತರ ಶುಲ್ಕ 1,500. ರಿಪೇರಿ 11,200. ದಿಲ್ಲಿ ಪ್ರಯಾಣ, ವಸತಿ, ಊಟ 5,200. ಕಳೆದುಕೊಂಡ ಸಂಬಳ 3,600. ಒಟ್ಟು 1,30,600 ರೂಪಾಯಿ.

ಬಸಣ್ಣನ ಗಾಡಿಗಿಂತ 15,600 ಹೆಚ್ಚು! ಅವ್ವನ ದುಡ್ಡು ಮುಟ್ಟಬಾರದು ಎಂದು ಹೊರಟವನು ಅವಳ 40 ಸಾವಿರವನ್ನೂ ಖಾಲಿ ಮಾಡಿ, ಗೆಳೆಯನ ಹತ್ತಿರ 10,600 ಸಾಲ ಮಾಡಿದ್ದೆ. ತಂಗಿಯ ಫೀಸಿಗೆ ಅವ್ವ ಬಳೆ ಅಡವಿಟ್ಟಳು. ‘ನಿನಗ ಯಾರರ ಮೋಸ ಮಾಡಿದ್ರ ನೀ ಏನ ಮಾಡ್ತಿ ಪಾಪ’ ಎಂದಳೇ ಹೊರತು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಹಾಗಾದರೆ ದೂರದಿಂದ ಕೊಳ್ಳಲೇಬಾರದೇ? ಹಾಗೆ ಹೇಳಿದರೆ ಅನ್ಯಾಯವಾದೀತು. ನಮ್ಮ ಆಫೀಸಿನ ಹಿರಿಯರೊಬ್ಬರು ದಿಲ್ಲಿಯಿಂದಲೇ ಗಾಡಿ ತಂದಿದ್ದಾರೆ. ಅವರ ತಮ್ಮ ಅಲ್ಲಿ ಕೆಲಸದಲ್ಲಿದ್ದಾನೆ. ಮೆಕ್ಯಾನಿಕ್ ಕರೆದುಕೊಂಡು ಹೋಗಿ ಎರಡು ಸಲ ನೋಡಿ, ಎನ್‌ಒಸಿ ಕೈಗೆ ಬಂದ ಮೇಲೆ ಉಳಿದ ಹಣ ಕೊಟ್ಟ. ಇತ್ತ ಊರಿನ ಪರಿಚಯದವನಿಂದಲೇ ಬೈಕ್ ತೆಗೆದುಕೊಂಡ ನನ್ನ ಸಹಪಾಠಿ, ಹೆಸರು ಬದಲಾಯಿಸಿಕೊಡದೆ ಸತಾಯಿಸಿದವನ ಮನೆಗೆ ನಾಲ್ಕು ತಿಂಗಳು ಅಲೆದ. ಆದರೆ ನೋಡಿ, ಅವನಿಗೆ ಅಲೆಯಲು ಸಾಧ್ಯವಾಯಿತು. ಸಂಜೆ ಕೆಲಸ ಮುಗಿಸಿ ಹೋಗಿ ಬಾಗಿಲ ಮುಂದೆ ನಿಂತ. ಐದನೇ ತಿಂಗಳು ಸಹಿ ಬಿತ್ತು.

ಗಾಡಿ ತರಲು ಆಗುವ ಖರ್ಚನ್ನು ಎಲ್ಲರೂ ಲೆಕ್ಕ ಹಾಕುತ್ತಾರೆ. ಏನಾದರೂ ತಪ್ಪಾದರೆ ಮತ್ತೆ ಹೋಗಿ ಕೇಳಲು ಆಗುವ ಖರ್ಚನ್ನು ಯಾರೂ ಹಾಕುವುದಿಲ್ಲ. ದೂರದ ಬೆಲೆ ಮತ್ತು ಹತ್ತಿರದ ಬೆಲೆಯ ನಡುವಿನ ನಿಜವಾದ ವ್ಯತ್ಯಾಸ ಇರುವುದು ಅಲ್ಲಿ. ಅವ್ವ ಕೇಳಿದ್ದೂ ಅದನ್ನೇ.

ಕೊಳ್ಳುವ ಮುನ್ನ

ನನ್ನ ಹಾಗೆ ಮೊದಲ ದುಡಿಮೆಯಲ್ಲಿ ಬೈಕ್ ಕನಸು ಕಾಣುವವರಿಗೆ ನಾಲ್ಕು ಮಾತು:

• ಎಂ-ಪರಿವಾಹನ್ ಆ್ಯಪ್‌ನಲ್ಲಿ ಗಾಡಿ ನಂಬರ್ ಹಾಕಿ ವಿಮೆ, ಸಾಲದ ನಮೂದು ನೋಡಿ. ಬಾಕಿ ದಂಡ ಇ-ಚಲನ್ ತಾಣದಲ್ಲಿ ಸಿಗುತ್ತದೆ. ಐದು ನಿಮಿಷದ ಕೆಲಸ. ಆರ್‌ಸಿಯಲ್ಲಿ ಸಾಲದ ನಮೂದಿದ್ದರೆ ಬ್ಯಾಂಕಿನ ಸಹಿಯಿರುವ ನಮೂನೆ 35 ಬಾರದೆ ಮುಂದುವರಿಯಬೇಡಿ.

• ಕದ್ದ ಗಾಡಿಯೇ ಎಂದು ತಿಳಿಯಲು ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊದ ‘ವಾಹನ್ ಸಮನ್ವಯ್’ ಸೇವೆ ಇದೆ.

• ಹಳೆ ವಾಹನ ಮಾರುವ ಡೀಲರ್‌ಗಳು ಆರ್‌ಟಿಒದಿಂದ ಅಧಿಕಾರ ಪತ್ರ ಪಡೆಯಬೇಕೆಂಬ ನಿಯಮ 2023ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಆ ಪತ್ರ ತೋರಿಸಿ ಎಂದು ಕೇಳಿ.

• ಹಣವನ್ನು ಅಂಗಡಿಯ ಖಾತೆಗೇ ಕಳಿಸಿ. ಹೆಸರು, ವಿಳಾಸ, ಸಹಿ ಇರುವ ಬಿಲ್ ಪಡೆಯಿರಿ. ಎನ್‌ಒಸಿಯಲ್ಲಿ ನಿಮ್ಮ ಆರ್‌ಟಿಒ ಹೆಸರೇ ಇದೆಯೇ ಎಂದು ಓದಿ ನೋಡಿದ ಮೇಲೆ ಕೊನೆಯ ಕಂತು ಕೊಡಿ.

• ಹೊರರಾಜ್ಯದ ಗಾಡಿಯ ಬೆಲೆ ಕೇಳಿದ ದಿನವೇ ನಿಮ್ಮೂರ ಆರ್‌ಟಿಒ ಕಚೇರಿಗೆ ಹೋಗಿ ಅದಕ್ಕೆಷ್ಟು ತೆರಿಗೆ ಬೀಳುತ್ತದೆ ಎಂದು ಕೇಳಿ. ಆ ಮೊತ್ತ ಕೂಡಿಸಿದ ಮೇಲೆ ಹತ್ತಿರದ ಬೆಲೆಯ ಜೊತೆ ಹೋಲಿಸಿ.

• ಮೋಸವಾದರೆ ಸುಮ್ಮನಿರಬೇಡಿ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ಮಾರಿದವರು ಎಲ್ಲೇ ಇರಲಿ, ನೀವು ವಾಸವಿರುವ ಜಿಲ್ಲೆಯ ಗ್ರಾಹಕ ಆಯೋಗದಲ್ಲೇ ದೂರು ಕೊಡಬಹುದು. 5 ಲಕ್ಷದವರೆಗಿನ ಖರೀದಿಗೆ ಶುಲ್ಕವಿಲ್ಲ. ಎರಡು ವರ್ಷದೊಳಗೆ ಕೊಡಬೇಕು. ಸಹಾಯವಾಣಿ 1915.

ಕೊನೆಯದನ್ನು ನಾನು ತಡವಾಗಿ ತಿಳಿದೆ. ಬಿಲ್ ಇಲ್ಲವಲ್ಲ, ಇನ್ನೇನು ಮಾಡಲಾಗುತ್ತದೆ ಎಂದು ಕೈಕಟ್ಟಿ ಕೂತಿದ್ದೆ. ಯುಪಿಐ ದಾಖಲೆ, ವಾಟ್ಸ್‌ಆ್ಯಪ್ ಮಾತುಕತೆ, ಆ ಚೀಟಿಯ ಫೋಟೊ ಕೂಡ ಸಾಕ್ಷಿಯಾಗಬಲ್ಲವು ಎಂದು ಪರಿಚಯದ ವಕೀಲರು ಹೇಳಿದರು. ನನ್ನ ಎರಡು ವರ್ಷ ಇನ್ನೂ ಮುಗಿದಿಲ್ಲ. ಎಲ್ಲವನ್ನೂ ಪ್ರಿಂಟ್ ತೆಗೆಸಿ ಜೋಡಿಸಿದ್ದೇನೆ. ಹಾವೇರಿಗೆ ಹೋಗಿ ಬರಲು ಒಂದು ದಿನದ ರಜೆ ಸಾಕು.

ಇನ್ನೊಂದು ಮಾತು. ತಿರುಗಾಟದ ಗಾಡಿ ಎರಡು ತಿಂಗಳು ತಡವಾದರೆ ಯಾರ ಬದುಕೂ ನಿಲ್ಲುವುದಿಲ್ಲ. ಕಾಯಬಲ್ಲವನಿಗೆ ಚೌಕಾಶಿಯಲ್ಲಿ ಬಲ ಹೆಚ್ಚು. ‘ಇವತ್ತೇ ಅಡ್ವಾನ್ಸ್ ಹಾಕಿ, ನಾಳೆ ಇರೋದಿಲ್ಲ’ ಎಂಬ ಮಾತಿಗೆ ಆ ಬಲವನ್ನು ಬಿಟ್ಟುಕೊಟ್ಟವನು ನಾನೇ.

ಗಾಡಿ ಈಗ ಚೆನ್ನಾಗಿ ಓಡುತ್ತಿದೆ. ಹ್ಯಾಂಡಲ್ ನಡುಗುವುದಿಲ್ಲ. ಅವ್ವನನ್ನು ಹಿಂದೆ ಕೂರಿಸಿಕೊಂಡು ದೇವರಗುಡ್ಡಕ್ಕೆ ಹೋಗಿ ಬಂದೆ. ತಿಂಗಳಿಗೆ ಎರಡು ಸಾವಿರದಂತೆ ಅವಳಿಗೆ ವಾಪಸ್ ಕೊಡುತ್ತಿದ್ದೇನೆ. ಬಳೆ ಬಿಡಿಸಿಕೊಳ್ಳಲು ಇನ್ನೂ ಕೆಲವು ತಿಂಗಳು ಬೇಕು. ಮುಳ್ಳಯ್ಯನಗಿರಿ ಅಲ್ಲಿಯವರೆಗೆ ಕಾಯಲಿ ಅಂದುಕೊಂಡಿದ್ದೇನೆ.

ಮೊನ್ನೆ ಬಸ್ಸಿನಲ್ಲಿ ಪಕ್ಕದಲ್ಲಿ ಕೂತ ಡಿಪ್ಲೊಮಾ ಹುಡುಗನೊಬ್ಬ ಅಂಥದ್ದೇ ರೀಲ್ ತೋರಿಸಿದ. ‘ಅಣ್ಣಾ, ನೀವೂ ದಿಲ್ಲಿ ಗಾಡಿ ತಂದೀರಂತಲ್ಲ, ಹೆಂಗ ಐತಿ? ತರಬಹುದಾ?’

‘ಗಾಡಿ ತರೂದು ಸುಲಭ’ ಎಂದೆ. ‘ಕೆಟ್ಟರ ತಿರುಗಿ ಹೋಗಿ ಕೇಳಿ ಬರಾಕ ನಿನಗ ಎಷ್ಟು ದಿನ ರಜಾ ಕೊಡ್ತಾರ? ಅದನ್ನ ಮೊದಲು ಹೇಳು.’

ಅವನು ಮೊಬೈಲ್ ಜೇಬಿಗಿಟ್ಟು ಯೋಚನೆಗೆ ಬಿದ್ದ.